ಕೋಲಾಟ, ದಾಂಡಿಯಾ, ಗರ್ಬಾ: ಸುತ್ತು ಕುಣಿತಗಳನ್ನು ಬೇರೆ ಬೇರೆಯಾಗಿ ಗುರುತಿಸುವುದು ಹೇಗೆ?

ಪ್ರಶ್ನೆ: ನಾನು ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ನವರಾತ್ರಿ ಬಂತೆಂದರೆ ನಮ್ಮ ಊರಿನಲ್ಲಿಯೂ ಈಗ ಗರ್ಬಾ, ದಾಂಡಿಯಾ ಕಾರ್ಯಕ್ರಮಗಳು ನಡೆಯುತ್ತವೆ. “ದಾಂಡಿಯಾ ಎಂದರೆ ನಮ್ಮ ಕೋಲಾಟವೇ ಅಲ್ಲವೇ?” ಎಂದು ಮಕ್ಕಳು ಕೇಳಿದಾಗ ಸರಿಯಾದ ಉತ್ತರ ಹೇಳಲಾಗಲಿಲ್ಲ. ವೃತ್ತಾಕಾರದಲ್ಲಿ ಕುಣಿಯುವ ಭಾರತದ ಜನಪದ ನೃತ್ಯಗಳಲ್ಲಿ ಎಷ್ಟು ಬಗೆಗಳಿವೆ? ಇವೆಲ್ಲ ಒಂದೇ ಮೂಲದಿಂದ ಬಂದವೇ? ವಾರ್ಷಿಕೋತ್ಸವಕ್ಕೆ ಇಂಥದ್ದೊಂದು ಕುಣಿತವನ್ನು ಕಲಿಸುವಾಗ ಏನನ್ನು ಗಮನಿಸಬೇಕು?

ಉತ್ತರ: ನಿಮ್ಮ ವಿದ್ಯಾರ್ಥಿಗಳ ಊಹೆ ಬಹುಮಟ್ಟಿಗೆ ಸರಿಯಾಗಿಯೇ ಇದೆ. ದಾಂಡಿಯಾ ಮತ್ತು ಕೋಲಾಟ ಒಂದೇ ಜಾತಿಗೆ ಸೇರಿದ ಕುಣಿತಗಳು. ಎರಡರಲ್ಲಿಯೂ ಕುಣಿಯುವವರನ್ನು ಪರಸ್ಪರ ಬೆಸೆಯುವುದು ಕೋಲಿನ ಪೆಟ್ಟು. ಆದರೆ ಒಂದೇ ಮೈದಾನದಲ್ಲಿ, ಒಂದೇ ರಾತ್ರಿಯಲ್ಲಿ, ಒಂದರ ಹಿಂದೊಂದು ನಡೆಯುವ ಗರ್ಬಾ ಮತ್ತು ದಾಂಡಿಯಾಗಳು ಮಾತ್ರ ಒಂದೇ ಜಾತಿಯವಲ್ಲ. ಇದು ಕೇಳುವವರಿಗೆ ವಿಚಿತ್ರವೆನಿಸಬಹುದು. ನಮ್ಮಲ್ಲಿ ಜನಪದ ನೃತ್ಯಗಳನ್ನು ಪರಿಚಯಿಸುವಾಗ ರಾಜ್ಯಕ್ಕೊಂದು ನೃತ್ಯವೆಂದು ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವ ರೂಢಿಯಿರುವುದರಿಂದ, ಗುಜರಾತಿನದೆಲ್ಲ ಒಂದು, ಕರ್ನಾಟಕದ್ದೆಲ್ಲ ಇನ್ನೊಂದು ಎಂಬ ಭಾವನೆ ಮಕ್ಕಳಲ್ಲಿ ಉಳಿದುಬಿಡುತ್ತದೆ. ಸುತ್ತು ಕುಣಿತಗಳನ್ನು ಅರಿಯಲು ಆ ಪಟ್ಟಿ ಹೆಚ್ಚಿನ ನೆರವು ನೀಡುವುದಿಲ್ಲ. ಅದರ ಬದಲು, ಸುತ್ತಿನ ನಡುವೆ ಏನಿದೆ, ಕುಣಿಯುವವರನ್ನು ಒಬ್ಬರಿಗೊಬ್ಬರು ಹೆಣೆದಿರುವುದು ಯಾವುದು, ಸುತ್ತು ಯಾವ ಕಡೆಗೆ ಹೇಗೆ ಸಾಗುತ್ತದೆ ಎಂಬುದನ್ನು ನೋಡಬೇಕು. ಇವುಗಳಲ್ಲಿಯೂ ಮೊದಲನೆಯದೇ ಮುಖ್ಯವೆಂಬುದು ನನ್ನ ಖಚಿತ ಅಭಿಪ್ರಾಯ. ನಡುವೆ ಇರುವುದು ಯಾವುದೆಂದು ತಿಳಿದರೆ ಆ ಕುಣಿತ ಯಾರಿಗಾಗಿ, ಯಾವ ಕಾಲದಲ್ಲಿ, ಯಾವ ಭಾವದಿಂದ ನಡೆಯುತ್ತದೆ ಎಂಬುದು ಅರ್ಧಕ್ಕಿಂತ ಹೆಚ್ಚು ತಿಳಿದಂತೆಯೇ.

ಗರ್ಬಾದಿಂದಲೇ ಆರಂಭಿಸೋಣ. ಮೈಯೆಲ್ಲ ತೂತುಗಳಿರುವ ಮಣ್ಣಿನ ಕುಡಿಕೆಯೊಂದರ ಒಳಗೆ ದೀಪ ಹಚ್ಚಿಟ್ಟು, ಅದನ್ನು ದೇವಿಯ ಸಾನ್ನಿಧ್ಯವೆಂದು ಭಾವಿಸಿ, ಆಶ್ವಯುಜದ ಒಂಬತ್ತು ರಾತ್ರಿ ಅದರ ಸುತ್ತ ಹೆಂಗಸರು ಹಾಡುತ್ತ ಕುಣಿಯುವುದು ಇದರ ಮೂಲ ರೂಪ. ಸೌರಾಷ್ಟ್ರದ ಕಡೆ ಹಲವು ದೀಪಗಳನ್ನು ಇರಿಸಲು ಅನುಕೂಲವಾಗುವ ಮಂಡವಿ ಎಂಬ ಚೌಕಟ್ಟನ್ನು ನಡುವೆ ಇಡುವುದೂ ಉಂಟು. ಓಣಿಯಲ್ಲಿ ನಡೆಯುವ ಶೇರಿ ಗರ್ಬಾದಲ್ಲಿ ಹಾಡುವವರಿಗಾಗಿ ಬೇರೆ ವೇದಿಕೆ ಇರುವುದಿಲ್ಲ. ಒಬ್ಬಾಕೆ ಸಾಲೊಂದನ್ನು ಎತ್ತಿಕೊಡುತ್ತಾಳೆ, ಉಳಿದವರು ಕುಣಿಯುತ್ತಲೇ ಅದನ್ನು ಮರಳಿ ಹಾಡುತ್ತಾರೆ. ಎರಡು ಚಪ್ಪಾಳೆಯ ಗರ್ಬಾ, ಮೂರು ಚಪ್ಪಾಳೆಯ ಗರ್ಬಾ ಎಂದು ಹೆಜ್ಜೆಯ ಬಗೆಗಳನ್ನು ಚಪ್ಪಾಳೆಯ ಎಣಿಕೆಯಿಂದಲೇ ಗುರುತಿಸುತ್ತಾರೆ. ಹಿಂಚ್ ಎಂಬ ಆರು ಮಾತ್ರೆಗಳ ತಾಳದಲ್ಲಿ ಇವು ಹೆಚ್ಚಾಗಿ ಸಾಗುತ್ತವೆ. ಬಲ್ಲವರ ಗರ್ಬಾವನ್ನು ಹತ್ತಿರದಿಂದ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಚಪ್ಪಾಳೆ ಬೀಳುವ ಗಳಿಗೆಯಲ್ಲಿ ಸೊಂಟದಿಂದ ಮೇಲಿನ ದೇಹ ದೀಪದ ಕಡೆಗೆ ಬಾಗುತ್ತದೆ, ಹೆಜ್ಜೆ ಪಕ್ಕಕ್ಕೆ ಸರಿಯುವಾಗ ನೆಟ್ಟಗಾಗುತ್ತದೆ. ಎಷ್ಟೇ ತಿರುಗಿದರೂ ಮತ್ತೆ ಮತ್ತೆ ದೇಹ ಮರಳುವುದು ನಡುವಿನ ಕಡೆಗೆ. ಈ ಬಾಗು ಅಲಂಕಾರಕ್ಕಾಗಿ ಸೇರಿಸಿದ್ದಲ್ಲ, ಅದು ನಮಸ್ಕಾರದ ಅಂಗ. ಹದಿನೆಂಟು–ಹತ್ತೊಂಬತ್ತನೆಯ ಶತಮಾನಗಳಲ್ಲಿ ಬಾಳಿದ ಡಭೋಯಿಯ ಕವಿ ದಯಾರಾಮನು ಕೃಷ್ಣನನ್ನು ಕುರಿತು ರಚಿಸಿದ ಗರ್ಬಿ ಎಂಬ ಕುಣಿತದ ಹಾಡುಗಳು ಇಂದಿಗೂ ಬಳಕೆಯಲ್ಲಿವೆ. ಗರ್ಬಿಯನ್ನು ಸೌರಾಷ್ಟ್ರದಲ್ಲಿ ಗಂಡಸರೂ ಕುಣಿಯುತ್ತಾರೆ. 2023ರಲ್ಲಿ ಯುನೆಸ್ಕೋ ಗುಜರಾತಿನ ಗರ್ಬಾವನ್ನು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಬೃಹತ್ ಮೈದಾನಗಳಲ್ಲಿ ಸಾವಿರಾರು ಜನ ಸುತ್ತಿನೊಳಗೆ ಸುತ್ತಾಗಿ ಕುಣಿಯುವಾಗಲೂ ನಡುವಿನಲ್ಲಿ ದೇವಿಯ ಪಟವನ್ನೋ ದೀಪವನ್ನೋ ಇರಿಸುವ ಕ್ರಮವನ್ನು ಗುಜರಾತಿನಲ್ಲಿ ಅನೇಕರು ಬಿಟ್ಟುಕೊಟ್ಟಿಲ್ಲ. ನಮ್ಮ ನಗರಗಳ ಬಡಾವಣೆಗಳಲ್ಲಿ ನಡೆಯುವ ಗರ್ಬಾ ಕೂಟಗಳಲ್ಲಿ ಮೊದಲು ಕಾಣೆಯಾಗಿರುವುದು ಇದೇ ಎಂಬುದು ನನಗೆ ನಿಜವಾಗಿಯೂ ಬೇಸರದ ವಿಷಯ.

ದೀಪವನ್ನು ನಡುವಿಟ್ಟುಕೊಂಡ ಕುಣಿತಗಳು ದಕ್ಷಿಣದಲ್ಲಿಯೂ ಹೇರಳವಾಗಿವೆ. ಕೇರಳದಲ್ಲಿ ಧನು ಮಾಸದ ತಿರುವಾದಿರ ನಕ್ಷತ್ರದ ರಾತ್ರಿ, ಅಂದರೆ ಡಿಸೆಂಬರ್–ಜನವರಿಯ ಅವಧಿಯಲ್ಲಿ, ನಿಲವಿಳಕ್ಕು ಎಂಬ ನಿಲುದೀಪದ ಸುತ್ತ ಹೆಂಗಸರು ಕುಣಿಯುವ ತಿರುವಾದಿರಕ್ಕಳಿಯಲ್ಲಿ ಆತುರವೇ ಇರುವುದಿಲ್ಲ. ಕೈಕೊಟ್ಟಿಕ್ಕಳಿ ಎಂದೂ ಕರೆಯಲಾಗುವ ಈ ಕುಣಿತದಲ್ಲಿ ಜರಿಯಂಚಿನ ಬಿಳಿಯುಡುಗೆ ಉಟ್ಟ ಹೆಂಗಸರು ಬಾಗುತ್ತ, ಬಳುಕುತ್ತ, ಕೈ ತಟ್ಟುತ್ತ ಸಾಗುತ್ತಾರೆ. ಕಥಕ್ಕಳಿಯ ಪದಗಳನ್ನೂ ಇದಕ್ಕೆ ಹೊಂದಿಸಿಕೊಂಡು ಹಾಡುತ್ತಾರೆ. ಅದೇ ಕೇರಳದ ಸಿರಿಯನ್ ಕ್ರೈಸ್ತರ ಮಾರ್ಗಂಕಳಿಯಲ್ಲಿಯೂ ಹನ್ನೆರಡು ಜನ ನಿಲವಿಳಕ್ಕಿನ ಸುತ್ತಲೇ ಕುಣಿಯುತ್ತಾರೆ, ಆದರೆ ಹಾಡಿನಲ್ಲಿ ಬರುವುದು ಸಂತ ತೋಮಸನ ಕಥೆ. ಉತ್ತರ ಮಲಬಾರಿನ ಪೂರಕ್ಕಳಿಯಲ್ಲಿ ಗಂಡಸರು ಅದೇ ದೀಪದ ಸುತ್ತ ನೆಗೆಯುತ್ತ, ಅಂಗಸಾಧನೆಯ ಬಿರುಸಿನಿಂದ ಕುಣಿಯುತ್ತಾರೆ. ಧರ್ಮ, ಲಿಂಗ, ಗತಿ ಎಲ್ಲವೂ ಬೇರೆಯಾದರೂ ನಡುವಿನ ದೀಪ ಬದಲಾಗಿಲ್ಲ. ಈ ಮೂರನ್ನು ಒಂದಾದ ಮೇಲೊಂದರಂತೆ ಮಕ್ಕಳಿಗೆ ತೋರಿಸಿದರೆ, ನಡುವಿರುವುದನ್ನು ಮೊದಲು ನೋಡಬೇಕೆಂದು ನಾನು ಹೇಳುವುದರ ಅರ್ಥ ಅವರಿಗೆ ತಾನಾಗಿಯೇ ಹೊಳೆಯುತ್ತದೆ.

ದೀಪದ ಜಾಗದಲ್ಲಿ ಹೂವು, ಮೊಳಕೆ, ಕೊಂಬೆ, ಚಿತ್ರ ಯಾವುದಾದರೂ ಇರಬಹುದು. ತೆಲಂಗಾಣದ ಬತುಕಮ್ಮದಲ್ಲಿ ತಂಗಡಿ ಮುಂತಾದ ಋತುವಿನ ಹೂಗಳನ್ನು ಗೋಪುರದಂತೆ ಸುತ್ತುಸುತ್ತಾಗಿ ಜೋಡಿಸಿ, ಮಹಾಲಯ ಅಮಾವಾಸ್ಯೆಯಿಂದ ಒಂಬತ್ತು ದಿನ ಅದರ ಸುತ್ತ ಹೆಂಗಸರು ಚಪ್ಪಾಳೆ ತಟ್ಟುತ್ತ “ಉಯ್ಯಾಲೋ” ಎಂಬ ಪಲ್ಲವಿಯೊಡನೆ ಹಾಡುತ್ತಾರೆ, ಕೊನೆಗೆ ಅದನ್ನು ನೀರಿಗೆ ಬಿಡುತ್ತಾರೆ. ತಮಿಳುನಾಡಿನ ಮಾರಿಯಮ್ಮನ ಹಬ್ಬಗಳಲ್ಲಿ ಮುಳೈಪ್ಪಾರಿ ಎಂಬ ಮೊಳಕೆಯ ಕುಂಡಗಳ ಸುತ್ತ ಕುಮ್ಮಿ ನಡೆಯುತ್ತದೆ. ನಮ್ಮ ಲಂಬಾಣಿ ತಾಂಡಾಗಳಲ್ಲಿ ಶ್ರಾವಣದ ತೀಜ್ ಹಬ್ಬಕ್ಕೆ ಮದುವೆಯಾಗದ ಹುಡುಗಿಯರು ಬುಟ್ಟಿಗಳಲ್ಲಿ ಗೋಧಿಯ ಸಸಿ ಬೆಳೆಸಿ, ಅವುಗಳ ಸುತ್ತ ಹಾಡಿ ಕುಣಿಯುವುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಭಾಷೆಯಲ್ಲಿ, ಉಡುಪಿನಲ್ಲಿ ಯಾವ ಸಂಬಂಧವೂ ಇಲ್ಲದ ಎರಡು ಸಮುದಾಯಗಳು ಬೆಳೆಯ ಹಾರೈಕೆಯನ್ನು ಒಂದೇ ಬಗೆಯ ಕುಣಿತದಲ್ಲಿ ತೋರಿಸಿವೆ. ಜಾರ್ಖಂಡದ ಉರಾಂವ್, ಮುಂಡಾ ಮುಂತಾದ ಸಮುದಾಯಗಳು ಭಾದ್ರಪದದಲ್ಲಿ ಕರಮ ಮರದ ಕೊಂಬೆಯನ್ನು ಅಂಗಳದಲ್ಲಿ ನೆಟ್ಟು ಅದರ ಸುತ್ತ ರಾತ್ರಿಯಿಡೀ ಕುಣಿಯುತ್ತವೆ. ಮಹಾರಾಷ್ಟ್ರದ ಭೋಂಡ್ಲಾದಲ್ಲಿ ನಡುವೆ ಇರುವುದು ಮಣೆಯ ಮೇಲೆ ಬಿಡಿಸಿದ ಆನೆ. ಹುಡುಗಿಯರು ಕೈ ಕೈ ಹಿಡಿದು ಅದನ್ನು ಸುತ್ತಿ ಹಾಡಿದ ಮೇಲೆ, ಮುಚ್ಚಿಟ್ಟ ಡಬ್ಬಿಯೊಳಗಿನ ತಿಂಡಿ ಯಾವುದೆಂದು ಊಹಿಸುವ ಆಟವೂ ಆ ಆಚರಣೆಯ ಭಾಗವೇ.

ಕರ್ನಾಟಕದ ಮಟ್ಟಿಗೆ ಈ ವಿಷಯದಲ್ಲಿ ಕೊಡಗಿನಷ್ಟು ಶ್ರೀಮಂತವಾದ ನೆಲ ಬೇರೊಂದಿಲ್ಲ. ಬೊಳಕಾಟ್‌ನಲ್ಲಿ ಕೊಡವ ಗಂಡಸರು ದೀಪದ ಸುತ್ತ ಚವರಿಯನ್ನು ಬೀಸುತ್ತ, ದುಡಿ ಎಂಬ ಚಿಕ್ಕ ಚರ್ಮವಾದ್ಯದ ನಾದಕ್ಕೆ ಸರಿಯಾಗಿ ಹೆಜ್ಜೆ ಹಾಕುತ್ತಾರೆ. ಚವರಿಯ ಜೊತೆಗೆ ಒಡಿಕತ್ತಿ ಎಂಬ ಕೊಡವರ ಅಗಲ ಕತ್ತಿಯನ್ನೂ ಹಿಡಿದರೆ ಅದು ಕತ್ತಿಯಾಟ್ ಎನಿಸುತ್ತದೆ. ಜಿಂಕೆಯ ಕೊಂಬನ್ನು ಹಿಡಿದು ದೇವಾಲಯದಲ್ಲಿ ಕುಣಿಯುವುದು ಕೊಂಬಾಟ್. ಹೀಗೆ ಕೈಯಲ್ಲಿ ಏನಿದೆ ಎಂಬುದರ ಮೇಲೆ ಹೆಸರು ಬದಲಾಗುತ್ತದೆ, ಆದರೆ ಕಪ್ಪು ಕುಪ್ಯ (ನಿಲುವಂಗಿ), ಕೆಂಪು ಚೇಲೆ (ಸೊಂಟಪಟ್ಟಿ) ತೊಟ್ಟ ಗಂಡಸರ ಆ ತೂಗುವ ಗತಿಯ ಸುತ್ತು ಬದಲಾಗುವುದಿಲ್ಲ. ಹೆಂಗಸರ ಉಮ್ಮತ್ತಾಟ್ ಇದಕ್ಕಿಂತ ಬೇರೆಯದು. ಅಲ್ಲಿ ಹಿತ್ತಾಳೆಯ ತಾಳಗಳನ್ನು ಕೈಯಲ್ಲಿ ಹಿಡಿದು ಹೆಂಗಸರು ಸುತ್ತಿನಲ್ಲಿ ಬಾಗಿ ಏಳುತ್ತಾರೆ, ನಡುವೆ ತುಂಬಿದ ಕೊಡವನ್ನು ಹಿಡಿದು ಒಬ್ಬಾಕೆ ನಿಲ್ಲುತ್ತಾಳೆ, ಆಕೆ ಕಾವೇರಿ. ದೀಪವೂ ಅಲ್ಲದೆ ಮೂರ್ತಿಯೂ ಅಲ್ಲದೆ, ತಮ್ಮೊಳಗಿನ ಒಬ್ಬ ಹೆಣ್ಣುಮಗಳೇ ನದಿಯಾಗಿ ನಡುವೆ ನಿಲ್ಲುವ ಈ ಏರ್ಪಾಡು ನನಗೆ ಭಾರತದ ಸುತ್ತು ಕುಣಿತಗಳಲ್ಲೇ ಅತ್ಯಂತ ಸುಂದರವಾದುದೆಂದು ತೋರಿದೆ. ಹುತ್ತರಿ ಕಳೆದ ಮೇಲೆ ನಾಡಿನ ಮಂದ್‌ಗಳಲ್ಲಿ ನಡೆಯುವ ಕೋಲಾಟವನ್ನೂ ಇಲ್ಲಿ ನೆನೆಯಬೇಕು. ಮಂದ್ ಎನ್ನುವುದು ಊರಿನವರು ಸೇರಿ ಕುಣಿಯುವುದಕ್ಕೆಂದೇ ತಲೆತಲಾಂತರದಿಂದ ಉಳಿಸಿಕೊಂಡ ಬಯಲು. ಕುಣಿತಕ್ಕಾಗಿ ಒಂದು ನೆಲವನ್ನೇ ಮೀಸಲಿಟ್ಟ ಸಮಾಜದಲ್ಲಿ ಕುಣಿತ ಉಳಿದಿರುವುದರಲ್ಲಿ ಆಶ್ಚರ್ಯವೇನಿಲ್ಲ.

ನಡುವೆ ಮನುಷ್ಯ ನಿಲ್ಲುವ ಬಗೆಗೆ ಬಹಳ ಹಳೆಯ ಆಧಾರಗಳಿವೆ. ಹೆಂಗಸರು ಮಂಡಲಾಕಾರವಾಗಿ ಕುಣಿಯುವ, ನಡುವೆ ಒಬ್ಬ ನಾಯಕನಿರುವ ನೃತ್ಯವನ್ನು ಸಂಸ್ಕೃತದ ಲಕ್ಷಣಗ್ರಂಥಗಳು ಹಲ್ಲೀಸಕವೆಂದು ಕರೆದಿವೆ. ಗೋಪಿಯರ ನಡುವಿನ ಕೃಷ್ಣನ ರಾಸವು ಇದರ ಅತ್ಯಂತ ಪ್ರಸಿದ್ಧ ರೂಪ. ಮಧ್ಯಪ್ರದೇಶದ ಬಾಗ್ ಗುಹೆಗಳ ಭಿತ್ತಿಚಿತ್ರಗಳಲ್ಲಿ ಒಬ್ಬ ನರ್ತಕನ ಸುತ್ತ ನಿಂತ ಹೆಂಗಸರ ಗುಂಪುಗಳಿದ್ದು, ಕೆಲವರ ಕೈಯಲ್ಲಿ ಚಿಕ್ಕ ಕೋಲುಗಳಿವೆ. ತಮಿಳಿನ ಪ್ರಾಚೀನ ಕಾವ್ಯ ಶಿಲಪ್ಪದಿಕಾರದಲ್ಲಿ ಅಪಶಕುನಗಳನ್ನು ಕಂಡು ಕಳವಳಗೊಂಡ ಮದುರೆಯ ಗೊಲ್ಲತಿಯರು ಕುರವೈ ಎಂಬ ಕುಣಿತವನ್ನು ಆಡುವ ಪ್ರಸಂಗವೊಂದಿದೆ. ಏಳು ಹುಡುಗಿಯರನ್ನು ಸುತ್ತಾಗಿ ನಿಲ್ಲಿಸಿ, ಒಬ್ಬೊಬ್ಬಳಿಗೆ ಸಪ್ತಸ್ವರಗಳಲ್ಲಿ ಒಂದೊಂದರ ಹೆಸರನ್ನಿಟ್ಟು, ಅವರಲ್ಲೇ ಕೃಷ್ಣ, ಬಲರಾಮ, ಕೃಷ್ಣನ ಪ್ರಿಯೆ ನಪ್ಪಿನ್ನೈಯರನ್ನು ಕಲ್ಪಿಸಿಕೊಂಡು ಕೈಗೆ ಕೈ ಬೆಸೆದು ಕುಣಿಯುತ್ತಾರೆ. ಸುತ್ತು ಕುಣಿತವೆಂದರೆ ಬರಿಯ ಸಂತೋಷದ ಕುಣಿತವೆಂದು ತಿಳಿದವರಿಗೆ ಈ ಪ್ರಸಂಗವನ್ನು ನಾನು ಯಾವಾಗಲೂ ನೆನಪಿಸುತ್ತೇನೆ. ಅಲ್ಲಿ ಕುಣಿತ ನಡೆಯುವುದು ಊರಿಗೆ ಬರಲಿರುವ ಕೇಡನ್ನು ತಡೆಯಲೆಂದು. ಮೇವಾಡದ ಭಿಲ್ಲರ ಗವರಿಯಲ್ಲಿಯೂ ಇಂಥ ವ್ರತದ ಗಾಂಭೀರ್ಯವಿದೆ. ರಕ್ಷಾಬಂಧನದ ನಂತರ ಸುಮಾರು ನಲವತ್ತು ದಿನ ಊರೂರು ತಿರುಗಿ ನಡೆಸುವ ಈ ಆಚರಣೆಯಲ್ಲಿ, ನಡುವೆ ತ್ರಿಶೂಲ ನೆಟ್ಟು, ಗಂಡಸರೇ ಎಲ್ಲ ಪಾತ್ರಗಳನ್ನೂ ವಹಿಸಿ, ಸುತ್ತು ಕುಣಿತ ಮತ್ತು ಕಥಾಪ್ರಸಂಗಗಳನ್ನು ಒಂದರೊಳಗೊಂದು ಹೆಣೆಯುತ್ತಾರೆ.

ಮಹಾರಾಷ್ಟ್ರದ ವಾರ್ಲಿ ಬುಡಕಟ್ಟಿನ ಜನರ ತಾರ್ಪಾ ಕುಣಿತದಲ್ಲಿ ನಡುವಿರುವವನು ದೇವರೂ ಅಲ್ಲ, ನಾಯಕನೂ ಅಲ್ಲ, ವಾದ್ಯಗಾರ. ಒಣಗಿದ ಸೋರೆಬುರುಡೆ ಮತ್ತು ಬಿದಿರಿನಿಂದ ಮಾಡಿದ ಉದ್ದನೆಯ ತಾರ್ಪಾವನ್ನು ಊದುತ್ತ ಅವನು ತಿರುಗಿದಂತೆ ಕುಣಿಯುವವರ ಸರಪಳಿಯೂ ತಿರುಗುತ್ತದೆ. ರಾಗದ ಮಟ್ಟು ಬದಲಾದರೆ ಹೆಜ್ಜೆ ಬದಲಾಗುತ್ತದೆ. ಯಾರೂ ತಾರ್ಪಾಕ್ಕೆ ಬೆನ್ನು ತೋರಿಸುವುದಿಲ್ಲ. ವಾರ್ಲಿ ಚಿತ್ರಗಳಲ್ಲಿ ನಿಮ್ಮ ಮಕ್ಕಳು ಖಂಡಿತ ನೋಡಿರುವ ಆ ಸುರುಳಿ ಇದೇ ಕುಣಿತ. ಇದು ಮುಚ್ಚಿದ ಸುತ್ತಲ್ಲ, ಒಂದು ತುದಿ ತೆರೆದಿರುವ ಸುರುಳಿ ಎಂಬುದನ್ನು ಆ ಚಿತ್ರದಲ್ಲಿಯೇ ಗುರುತಿಸಬಹುದು.

ನಡು ಖಾಲಿಯಾಗಿಯೇ ಇರುವ ಕುಣಿತಗಳೂ ಉಂಟು. ಮಣಿಪುರದಲ್ಲಿ ಫಾಲ್ಗುಣದ ಹುಣ್ಣಿಮೆಯಿಂದ ಐದು ದಿನ ನಡೆಯುವ ಯಾವ್‌ಶಾಂಗ್ ಹಬ್ಬದ ಥಾಬಲ್ ಚೋಂಗ್ಬಾದಲ್ಲಿ ಹುಡುಗ ಹುಡುಗಿಯರು ಕೈ ಹಿಡಿದು ಬೆಳದಿಂಗಳಿನಲ್ಲಿ ಕುಪ್ಪಳಿಸುತ್ತ ಸಾಗುತ್ತಾರೆ. ಇಲ್ಲಿ ಮುಖ್ಯವಾದುದು ಒಬ್ಬರ ಕೈಯನ್ನು ಮತ್ತೊಬ್ಬರು ಹಿಡಿಯುವುದೇ. ಮೇಘಾಲಯದ ಖಾಸಿಗಳ ನೊಂಗ್‌ಕ್ರೆಂ ನೃತ್ಯದಲ್ಲಿ ಕಿರೀಟ ಧರಿಸಿದ ಕನ್ಯೆಯರು ಒಳಗಡೆ ಕಣ್ಣು ತಗ್ಗಿಸಿ, ಕಾಲನ್ನು ನೆಲದಿಂದ ಎತ್ತಿದರೋ ಇಲ್ಲವೋ ಎನ್ನುವಷ್ಟು ಸಣ್ಣ ಹೆಜ್ಜೆಗಳಲ್ಲಿ ಸರಿಯುತ್ತಿರುತ್ತಾರೆ, ಗಂಡಸರು ಕತ್ತಿ ಮತ್ತು ಚಾಮರ ಹಿಡಿದು ಹೊರಸುತ್ತಿನಲ್ಲಿ ಕಾವಲಿನಂತೆ ಕುಣಿಯುತ್ತಾರೆ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ರೊಟ್ಟಿ ಹಬ್ಬದಂಥ ಸಂದರ್ಭಗಳಲ್ಲಿ “ಗೊರು ಗೊರುಕ” ಎಂಬ ಪಲ್ಲವಿಯೊಡನೆ ಸುತ್ತು ಕುಣಿಯುವುದೂ, ಕನ್ನಡಕ್ಕೆ ಹತ್ತಿರದ ನುಡಿಯನ್ನಾಡುವ ನೀಲಗಿರಿಯ ಬಡಗರು ಹೆತ್ತೆ ಹಬ್ಬದಲ್ಲಿ ಬಿಳಿಯುಡುಗೆ ತೊಟ್ಟು ಸುತ್ತಾಗಿ ಹೆಜ್ಜೆ ಹಾಕುವುದೂ ಇಡೀ ಸಮುದಾಯ ಒಂದಾಗಿ ಕಾಣಿಸಿಕೊಳ್ಳುವ ಸಂದರ್ಭಗಳೇ.

ಇನ್ನು ಕುಣಿಯುವವರನ್ನು ಹೆಣೆದಿರುವುದು ಯಾವುದು ಎಂಬ ವಿಷಯ. ಹಿಮಾಚಲದ ಕಿನ್ನೌರಿನ ಕಾಯಂಗ್‌ನಲ್ಲಿ ಪಕ್ಕದವರ ಕೈಯನ್ನು ಬಿಟ್ಟು ಅವರಾಚೆಯವರ ಕೈಯನ್ನು ಹಿಡಿಯುವುದರಿಂದ ಇಡೀ ಸಾಲು ಮಾಲೆಯ ಹಾಗೆ ಹೆಣೆದುಕೊಳ್ಳುತ್ತದೆ. ಆಂಧ್ರದ ಅರಕು ಕಣಿವೆಯ ಧಿಂಸಾದಲ್ಲಿ ಹೆಂಗಸರು ಬೆನ್ನ ಹಿಂದೆ ತೋಳು ಹೆಣೆಯುತ್ತಾರೆ. ಇಂಥ ಕುಣಿತಗಳಲ್ಲಿ ಕೈ ಬಿಡುವಂತಿಲ್ಲವಾದ್ದರಿಂದ ಕಲೆಯೆಲ್ಲ ಕಾಲಿಗೆ ಬರುತ್ತದೆ. ಚಪ್ಪಾಳೆಯ ಕುಣಿತಗಳಲ್ಲಿ ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ, ಸದ್ದೇ ಎಲ್ಲರನ್ನೂ ಹಿಡಿದಿಡುತ್ತದೆ. ದೇಹ ಬಾಗುವುದಕ್ಕೂ ತಿರುಗುವುದಕ್ಕೂ ಅಲ್ಲಿ ಅವಕಾಶ ಹೆಚ್ಚು. ರಾಜಸ್ಥಾನದ ಘೂಮರ್‌ನಲ್ಲಿ ಹೆಣ್ಣುಮಕ್ಕಳು ದೊಡ್ಡ ಸುತ್ತಿನಲ್ಲಿ ಸಾಗುತ್ತಲೇ ತಮ್ಮ ಸುತ್ತ ತಾವೂ ತಿರುಗುವುದು ಸಾಧ್ಯವಾಗುವುದು ಈ ಬಿಡುಗಡೆಯಿಂದಲೇ.

ಕೋಲು ಬಂದಾಗ ಲೆಕ್ಕವೇ ಬೇರೆಯಾಗುತ್ತದೆ, ನಿಮ್ಮ ಪ್ರಶ್ನೆಗೆ ನೇರ ಉತ್ತರ ದೊರೆಯುವುದೂ ಇಲ್ಲಿಯೇ. ಕೋಲನ್ನು ಹೊಡೆಯಬೇಕಾದರೆ ಎದುರಿಗೊಬ್ಬ ಜೊತೆಗಾರ ಬೇಕು. ಆದ್ದರಿಂದ ಕೋಲಿನ ಕುಣಿತಕ್ಕೆ ಸಮಸಂಖ್ಯೆಯ ಜನ ಬೇಕಾಗುತ್ತದೆ, ಮುಖ ನಡುವಿನಿಂದ ಜೊತೆಗಾರನ ಕಡೆಗೆ ತಿರುಗುತ್ತದೆ. ಗರ್ಬಾದಲ್ಲಿ ನೂರು ಜನರಿದ್ದರೂ ಪ್ರತಿಯೊಬ್ಬರ ಎದುರಿಗಿರುವುದು ಒಂದೇ ದೀಪ. ಕೋಲಾಟದಲ್ಲಿ ಹತ್ತೇ ಜನರಿದ್ದರೂ ಹೆಜ್ಜೆ ಹೆಜ್ಜೆಗೂ ಹೊಸ ಮುಖ ಎದುರಾಗುತ್ತದೆ. ಗರ್ಬಾ ಮತ್ತು ದಾಂಡಿಯಾ ಬೇರೆ ಬೇರೆ ಜಾತಿಯವು ಎಂದು ಮೊದಲಿಗೇ ಹೇಳಿದ್ದು ಇದಕ್ಕಾಗಿ. ದಾಂಡಿಯಾ ರಾಸವನ್ನು ಈಗ ಎದುರುಬದುರು ಸಾಲುಗಳಲ್ಲಿ ಆಡುವುದು ಹೆಚ್ಚು, ಆದರೆ ಒಳಸುತ್ತು, ಹೊರಸುತ್ತು ವಿರುದ್ಧ ದಿಕ್ಕಿಗೆ ಚಲಿಸುವ ಕ್ರಮವೂ ಇದೆ. ಪೋರಬಂದರಿನ ಕಡೆಯ ಮೇರ್ ಸಮುದಾಯದ ಗಂಡಸರ ರಾಸದಲ್ಲಿ ಕೋಲಿನ ಪೆಟ್ಟು ಬಿರುಸು, ನೆಗೆತ ಎತ್ತರ. ನಮ್ಮ ಕೋಲಾಟದ ವೈಶಿಷ್ಟ್ಯವಿರುವುದು ಹಾಡಿನಲ್ಲಿ. ತಾಳ ಹಿಡಿದ ಗುರು ಪದವನ್ನು ಎತ್ತಿಕೊಟ್ಟರೆ “ಕೋಲು ಕೋಲೆನ್ನ ಕೋಲೆ” ಎಂಬ ಸೊಲ್ಲನ್ನು ಕುಣಿಯುವವರೇ ಹಿಡಿದು ಹಾಡಬೇಕು, ಹಾಡಿನ ಮಟ್ಟು ಬದಲಾದಂತೆ ಕೋಲಿನ ಪಟ್ಟೂ ಬದಲಾಗಬೇಕು. ಕೋಲಾಟವು ದಾಂಡಿಯಾದ ಅನುಕರಣೆ ಎಂದು ಯಾರಾದರೂ ಹೇಳಿದರೆ ಅವರನ್ನು ಹಂಪಿಯ ಮಹಾನವಮಿ ದಿಬ್ಬಕ್ಕೆ ಕರೆದೊಯ್ಯಿರಿ. ಕೋಲು ಹಿಡಿದು ಕುಣಿಯುವ ಹೆಂಗಸರು ಅಲ್ಲಿನ ಉಬ್ಬುಶಿಲ್ಪಗಳಲ್ಲಿದ್ದಾರೆ.

ಕೋಲಾಟದ ಬಗೆಗಳಲ್ಲೆಲ್ಲ ಜಡೆಕೋಲಾಟವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಶಾಲೆಯಲ್ಲಿ ಕಲಿಸಲು ನಾನು ಸೂಚಿಸುವುದು ಇದನ್ನೇ. ನಡುವಿನ ಕಂಬದ ತುದಿಗೆ ಅಥವಾ ಮೇಲೆ ತೂಗುಹಾಕಿದ ಬಳೆಗೆ ಬಣ್ಣದ ಹಗ್ಗಗಳನ್ನು ಕಟ್ಟಿ, ಒಬ್ಬೊಬ್ಬರು ಒಂದು ಕೈಯಲ್ಲಿ ಹಗ್ಗದ ತುದಿಯನ್ನೂ ಇನ್ನೊಂದು ಕೈಯಲ್ಲಿ ಕೋಲನ್ನೂ ಹಿಡಿಯುತ್ತಾರೆ. ಎಂಟು ಜನರಿದ್ದರೆ ಒಬ್ಬರನ್ನು ಬಿಟ್ಟು ಒಬ್ಬರಂತೆ ನಾಲ್ವರು ಬಲಸುತ್ತಿಗೆ (ಗಡಿಯಾರದ ಮುಳ್ಳಿನಂತೆ), ನಾಲ್ವರು ಎಡಸುತ್ತಿಗೆ (ಅದಕ್ಕೆ ವಿರುದ್ಧವಾಗಿ) ಹೊರಡುತ್ತಾರೆ. ಮೊದಲು ಎದುರಾದವರನ್ನು ಹೊರಗಿನಿಂದ ದಾಟಿದರೆ ಎರಡನೆಯವರನ್ನು ಒಳಗಿನಿಂದ, ಮೂರನೆಯವರನ್ನು ಮತ್ತೆ ಹೊರಗಿನಿಂದ ದಾಟಬೇಕು. ದಾಟುವಾಗಲೆಲ್ಲ ಕೋಲಿಗೆ ಕೋಲು ತಾಗಬೇಕು. ಹೀಗೆ ಸಾಗಿದಂತೆ ಮೇಲಿನಿಂದ ಕೆಳಕ್ಕೆ ಜಡೆ ಇಳಿಯುತ್ತ ಬರುತ್ತದೆ, ಹಗ್ಗ ಗಿಡ್ಡವಾಗುತ್ತದೆ, ಸುತ್ತು ತಾನಾಗಿಯೇ ಕಿರಿದಾಗುತ್ತದೆ. ಬಿಚ್ಚುವಾಗ ಪ್ರತಿಯೊಬ್ಬರೂ ಹಿಂದಿರುಗಿ, ಕೊನೆಯ ದಾಟನ್ನು ಮೊದಲು ಮಾಡುತ್ತ ಬಂದ ದಾರಿಯಲ್ಲಿಯೇ ಮರಳಬೇಕು, ಹೊರಗಿನಿಂದ ದಾಟಿದ್ದವರು ಹೊರಗಿನಿಂದಲೇ ದಾಟಬೇಕು. ಒಬ್ಬರು ಒಂದು ಸಲ ತಪ್ಪಿದರೂ ಆ ಜಾಗದಲ್ಲಿ ಗಂಟು ಬೀಳುತ್ತದೆ, ಅದು ನೋಡುವವರೆಲ್ಲರಿಗೂ ಕಾಣುತ್ತದೆ. ಗುಜರಾತಿನಲ್ಲಿ ಗೋಫ್ ಎಂದೂ ತಮಿಳುನಾಡಿನಲ್ಲಿ ಪಿನ್ನಲ್ ಕೋಲಾಟ್ಟಮ್ ಎಂದೂ ಇದೇ ಬಗೆಯ ಕುಣಿತ ಪ್ರಚಲಿತವಾಗಿದೆ.

ದಿಕ್ಕಿನ ವಿಷಯದಲ್ಲಿ ಒಂದು ಮಾತು. ದೇವಾಲಯದಲ್ಲಿ ನಾವು ಬಲಬರುವಾಗ ದೇವರು ನಮ್ಮ ಬಲಕ್ಕಿರುತ್ತಾನೆ. ಆದರೆ ಗರ್ಬಾ ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾಗಿ ಎಡಸುತ್ತಾಗಿ ಸಾಗುತ್ತದೆ, ಗವರಿಯೂ ಹಾಗೆಯೇ. ಇದನ್ನು ಕಂಡು ಅಶುಭವೇ, ತಪ್ಪೇ ಎಂದು ಕೇಳುವವರಿದ್ದಾರೆ. ದೇಹದ ಚಲನೆಯನ್ನು ಗಮನಿಸಿದರೆ ಉತ್ತರ ಸರಳ. ಪ್ರದಕ್ಷಿಣೆಯಲ್ಲಿ ನಾವು ಮುಂದೆ ನೋಡುತ್ತ ನಡೆಯುತ್ತೇವೆ, ಕುಣಿತದಲ್ಲಿ ನಡುವಿಗೆ ಮುಖ ಮಾಡಿ ಪಕ್ಕಕ್ಕೆ ಸರಿಯುತ್ತೇವೆ. ನಡುವಿಗೆ ಮುಖ ಮಾಡಿ ನಿಂತವರು ಬಲಗಾಲನ್ನು ಮೊದಲು ಎತ್ತಿ ಬಲಕ್ಕೆ ಸರಿದರೆ ಇಡೀ ಸುತ್ತು ಎಡಸುತ್ತಾಗಿಯೇ ತಿರುಗುತ್ತದೆ. ಅಂಗಳದಲ್ಲಿ ಮಕ್ಕಳನ್ನು ನಿಲ್ಲಿಸಿ ಒಮ್ಮೆ ಮಾಡಿಸಿ ನೋಡಿ, ಅವರಿಗೂ ತಿಳಿಯುತ್ತದೆ.

ಮೂಲ ಒಂದೇ ಎಂದು ನಾನು ಹೇಳಲಾರೆ. ರಾಸದ ಕಥೆಯಿಂದಲೇ ಎಲ್ಲ ಸುತ್ತು ಕುಣಿತಗಳೂ ಹುಟ್ಟಿದವೆಂಬ ಮಾತು ಆಗಾಗ ಕೇಳಿಬರುತ್ತದೆ, ಆದರೆ ಕರಮ, ನೊಂಗ್‌ಕ್ರೆಂ, ತಾರ್ಪಾಗಳಿಗೆ ಆ ಕಥೆಯ ಸೋಂಕೇ ಇಲ್ಲ. ಬಯಲಿನಲ್ಲಿ, ಕಣದಲ್ಲಿ, ಅಂಗಳದಲ್ಲಿ ಧ್ವನಿವರ್ಧಕವಿಲ್ಲದೆ ಹಾಡುವ ಜನ ಒಬ್ಬರ ಹಾಡು ಎಲ್ಲರಿಗೂ ಕೇಳುವಂತೆ, ಒಬ್ಬರ ಹೆಜ್ಜೆ ಎಲ್ಲರಿಗೂ ಕಾಣುವಂತೆ ನಿಲ್ಲಬೇಕಾದರೆ ಸುತ್ತಾಗಿ ನಿಲ್ಲುವುದೇ ಸಹಜ. ಹೊಸದಾಗಿ ಬಂದವರು ಎಲ್ಲಿ ಬೇಕಾದರೂ ಸೇರಿಕೊಳ್ಳಬಹುದು, ದಣಿದವರು ಹೊರಬಂದರೂ ಸುತ್ತು ಮುರಿಯುವುದಿಲ್ಲ. ಈ ಅನುಕೂಲಗಳನ್ನು ಬೇರೆ ಬೇರೆ ಜನ ಬೇರೆ ಬೇರೆಯಾಗಿಯೇ ಕಂಡುಕೊಂಡಿರಲು ಸಾಧ್ಯ. ಕೃಷ್ಣನ ರಾಸದ ಪ್ರಭಾವವನ್ನು ಗುಜರಾತ್, ವ್ರಜ, ಮಣಿಪುರಗಳಲ್ಲಿ ಕಾಣಬಹುದು, ಆದರೆ ಅಲ್ಲಿಯೂ ಅದು ಮೊದಲೇ ಇದ್ದ ಸುತ್ತಿಗೆ ಕಥೆಯನ್ನು ತುಂಬಿತು ಎಂಬುದೇ ನನಗೆ ಹೆಚ್ಚು ಸರಿಯೆನಿಸುತ್ತದೆ.

ವೇದಿಕೆಯ ವಿಷಯಕ್ಕೆ ಬರುತ್ತೇನೆ. ಸುತ್ತು ಕುಣಿತಕ್ಕೆ ಮುಂಭಾಗವೆಂಬುದಿಲ್ಲ; ಮೂರು ಕಡೆ ಮುಚ್ಚಿದ ವೇದಿಕೆಗೆ ಮುಂಭಾಗವೇ ಎಲ್ಲ. ಹೀಗಾಗಿ ತರಬೇತಿ ನೀಡುವವರು ಸುತ್ತನ್ನು ಸೀಳಿ ಅರ್ಧಚಂದ್ರಾಕಾರ ಮಾಡಿ, ಮಕ್ಕಳನ್ನೆಲ್ಲ ಪ್ರೇಕ್ಷಕರತ್ತ ನಗುತ್ತ ನಿಲ್ಲಿಸುತ್ತಾರೆ. ಆಗ ದೀಪದ ಕಡೆಗಿದ್ದ ಬಾಗು ಮುಖ್ಯ ಅತಿಥಿಗಳ ಕಡೆಗೆ ತಿರುಗುತ್ತದೆ, ಜೊತೆಗಾರನ ಮೇಲಿದ್ದ ಕಣ್ಣು ಕ್ಯಾಮೆರಾದ ಮೇಲೆ ನೆಡುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಸಾಧ್ಯವಿದ್ದರೆ ಈ ಒಂದು ಕುಣಿತವನ್ನು ವೇದಿಕೆಯಿಂದ ಇಳಿಸಿ ಶಾಲೆಯ ಮೈದಾನದಲ್ಲಿ, ನೋಡುವವರನ್ನು ಸುತ್ತಲೂ ಕೂರಿಸಿ ಮಾಡಿಸಿ. ವೇದಿಕೆಯೇ ಅನಿವಾರ್ಯವಾದರೆ ಅರ್ಧದಷ್ಟು ಮಕ್ಕಳ ಬೆನ್ನು ಕಾಣಿಸುತ್ತದೆ ಎಂಬುದನ್ನು ಒಪ್ಪಿಕೊಂಡು ಸುತ್ತನ್ನು ಮುಚ್ಚಿಯೇ ಇಡಿ. ಧ್ವನಿಮುದ್ರಿತ ಹಾಡಿನ ಬದಲು ಮಕ್ಕಳೇ ಹಾಡಲಿ, ಒಬ್ಬರು ತಾಳ ಹಿಡಿಯಲಿ. ಧ್ವನಿಮುದ್ರಿಕೆ ಯಾರಿಗಾಗಿಯೂ ಕಾಯುವುದಿಲ್ಲ, ಗುರುವಿನ ತಾಳವಾದರೆ ತಡವಾದ ಮಗುವಿಗಾಗಿ ಅರೆಗಳಿಗೆ ನಿಧಾನಿಸುತ್ತದೆ.

ಬತುಕಮ್ಮ, ಉಮ್ಮತ್ತಾಟ್, ಗರ್ಬಾಗಳಂಥವು ಆಯಾ ಜನರ ಆರಾಧನೆಯ ಭಾಗವಾದ್ದರಿಂದ ಅವುಗಳನ್ನು ಆರಿಸಿಕೊಂಡರೆ ಆ ಸಮುದಾಯದ ಹಿರಿಯರೊಬ್ಬರಿಂದಲೇ ಕಲಿಸುವುದು ಉತ್ತಮ, ಉಡುಪನ್ನು ಬಾಡಿಗೆಗೆ ತಂದು ವಿಡಿಯೊ ನೋಡಿ ಕಲಿಸುವುದು ಬೇಡ. ಜಡೆಕೋಲಾಟಕ್ಕೆ ಎಂಟು ಮಕ್ಕಳಿಂದ ಆರಂಭಿಸಿ, ರೂಢಿಯಾದ ಮೇಲೆ ಹನ್ನೆರಡಕ್ಕೆ ಏರಿಸಬಹುದು. ಹತ್ತು ಅಡಿ ಎತ್ತರದ ಕಂಬಕ್ಕೆ ಹನ್ನೆರಡು–ಹದಿಮೂರು ಅಡಿಯ ಹಗ್ಗ ಸಾಕು. ಬಲಸುತ್ತಿನವರಿಗೆಲ್ಲ ಒಂದು ಬಣ್ಣ, ಎಡಸುತ್ತಿನವರಿಗೆಲ್ಲ ಇನ್ನೊಂದು ಬಣ್ಣ ಕೊಟ್ಟರೆ ತಪ್ಪು ಎಲ್ಲಾಯಿತೆಂದು ಮಕ್ಕಳೇ ಕಂಡುಹಿಡಿಯುತ್ತಾರೆ. ಮೊದಲ ಕೆಲವು ದಿನ ಹಗ್ಗವಿಲ್ಲದೆ, ಕೋಲೂ ಇಲ್ಲದೆ, “ಹೊರಗೆ, ಒಳಗೆ” ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ಬರಿಗೈಯಲ್ಲಿ ದಾಟಿಸಿ. ಹಗ್ಗ ಕೈಗೆ ಕೊಟ್ಟ ಮೇಲೆ ಒಂದೇ ಸುತ್ತು ಹೆಣೆಸಿ, ಆಗಲೇ ಬಿಚ್ಚಿಸಿ. ಬಿಚ್ಚುವುದು ತಪ್ಪಿಲ್ಲದೆ ಬರುವವರೆಗೆ ಎರಡನೆಯ ಸುತ್ತಿಗೆ ಹೋಗಬೇಡಿ.